ಗಿಟಾರ್ ಪೆಡಲ್ ಕೆಟ್ಟಿದ್ಯಾ? ಸೋಲ್ಡರಿಂಗ್ ಐರನ್ ಮುಟ್ಟೋಕೆ ಮುಂಚೆ ಈ ಕ್ರಮದಲ್ಲಿ ನೋಡಿ

ಗಿಟಾರ್ ಸೌಂಡ್ ಬದಲಾಯಿಸೋ, ಕಾಲಲ್ಲಿ ಒತ್ತೋ ಪುಟ್ಟ ಡಬ್ಬಿಗಳೇ ಪೆಡಲ್. ಜೂನ್‌ನಿಂದ ಕಪಾಟಲ್ಲಿ ಮಲಗಿದ್ದ ಪೆಡಲ್‌ಗಳು ಗಣಪತಿ ಹಬ್ಬದ ಕಾರ್ಯಕ್ರಮ ಹತ್ರ ಬಂದಾಗ ಹೊರಗೆ ಬರ್ತವೆ, ಆಗ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮ ಕನ್ನಡ ಆರ್ಕೆಸ್ಟ್ರಾ ಹುಡುಗ್ರಿಂದ ನಂಗೆ ಫೋನ್ ಶುರುವಾಗತ್ತೆ. ಎಲ್ರದ್ದೂ ಒಂದೇ ಮಾತು, ಹೋದ ಸಲ ನುಡಿಸಿದಾಗ ಚೆನ್ನಾಗೇ ಇತ್ತು, ಈಗ ಸೌಂಡೇ ಇಲ್ಲ. ಪೆಡಲ್ ಕೈಗೆ ಬಂದಾಗ ನೋಡಿದ್ರೆ ಆಗ್ಲೇ ಬಿಚ್ಚಿ, ಯೂಟ್ಯೂಬ್ ನೋಡಿ ಸ್ವಿಚ್ ಬದಲಾಯಿಸಿ, ಒಳಗಿನ ಸರ್ಕ್ಯೂಟ್ ಬೋರ್ಡ್ ಮೇಲಿನ ತಾಮ್ರದ ಗೆರೆ ಎದ್ದು ಬಂದಿರತ್ತೆ, ಮೂಲ ತೊಂದ್ರೆ ಮಾತ್ರ ಅಡಾಪ್ಟರ್‌ನಲ್ಲೋ ಪ್ಯಾಚ್ ಕೇಬಲ್‌ನಲ್ಲೋ ಹಾಗೇ ಕೂತಿರತ್ತೆ. ಅದಕ್ಕೇ ಇದನ್ನ ಬರೀತಿರೋದು. ಪೆಡಲ್ ಕೆಡೋದು ಬಹುತೇಕ ಕಾಲು, ಕೈ, ಪ್ಲಗ್ಗು ತಾಗೋ ಜಾಗದಲ್ಲಿ, ಒಳಗಿನ ಐಸಿ (ಬೋರ್ಡ್ ಮೇಲಿನ ಚಿಪ್) ಸಾಯೋದು ಅಪರೂಪ. ಹಾಗಾಗಿ ಹುಡುಕೋದು ಹೊರಗಿಂದ ಒಳಕ್ಕೆ, ಒಂದು ಹಂತ ಮುಗೀದೆ ಮುಂದಿನದಕ್ಕೆ ಹೋಗ್ಬೇಡಿ.

## ಮೊದ್ಲು ಇವಿಷ್ಟು ಜೋಡಿಸಿಟ್ಕೊಳ್ಳಿ

ಮಲ್ಟಿಮೀಟರ್ ಇಲ್ದೆ ಈ ಕೆಲಸಕ್ಕೆ ಕೈ ಹಾಕ್ಲೇಬೇಡಿ. ಹಳದಿ ಬಣ್ಣದ ಅಗ್ಗದ ಮೀಟರ್ ಸಾಕು, ಬೀಪ್ ಆಗೋ ಕಂಟಿನ್ಯುಯಿಟಿ ಮೋಡ್ (ಎರಡು ಜಾಗದ ಮಧ್ಯೆ ದಾರಿ ಕಡಿದಿಲ್ಲ ಅಂದ್ರೆ ಬೀಪ್ ಅನ್ನೋದು) ಇರ್ಲಿ. ಗಟ್ಟಿ ಇದೆ ಅಂತ ಖಾತ್ರಿ ಇರೋ ಎರಡು ಕೇಬಲ್, ಒಂದು ಹೊಸ 9 ವೋಲ್ಟ್ ಬ್ಯಾಟರಿ, ಸ್ಟಾರ್ ತಲೆಯ ಸ್ಕ್ರೂಡ್ರೈವರ್, 10ರಿಂದ 14 ಎಂಎಂವರೆಗಿನ ಸ್ಪ್ಯಾನರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಟೂತ್‌ಬ್ರಷ್. ಸೋಲ್ಡರಿಂಗ್ ಮಾಡೋ ಹಂತ ಬಂದ್ರೆ 25 ವಾಟ್‌ನ ಐರನ್, 60/40 ರೋಸಿನ್ ಕೋರ್ ಸೋಲ್ಡರ್. ಇದೆಲ್ಲ ಮುಂಬೈನವರಿಗೆ ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ರದ ಲ್ಯಾಮಿಂಗ್ಟನ್ ರೋಡಲ್ಲಿ ಒಂದೇ ಸುತ್ತಿಗೆ ಸಿಗತ್ತೆ, ಭಾನುವಾರ ಮಾತ್ರ ಹೋಗ್ಬೇಡಿ, ಬಹುತೇಕ ಅಂಗಡಿ ಬಾಗಿಲು ಹಾಕಿರತ್ತೆ. ಪುಣೆಯವರು ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಹತ್ರ ಕೇಳಿ.

ಇನ್ನೊಂದು ಸಾಮಾನು ಇದೆ, ದುಡ್ಡು ಕೊಡೋದೇ ಬೇಡ. ಊದುಬತ್ತಿ ಉರಿದು ಉಳಿದ ಬಿದಿರು ಕಡ್ಡಿ. ಯಾಕೆ ಅಂತ ಮುಂದೆ ಹೇಳ್ತೀನಿ.

## ಹಂತ 1: ಪೆಡಲ್‌ನ ಒಂಟಿಯಾಗಿ ನಿಲ್ಲಿಸಿ

ಪೆಡಲ್ ಜೋಡಿಸೋ ಹಲಗೆ ಮೇಲೆ ಆರು ಪೆಡಲ್ ಸಾಲಾಗಿ ಇರೋವಾಗ ಯಾವುದು ಕೆಟ್ಟಿದೆ ಅಂತ ಊಹೆ ಮಾಡೋದು ಬೇಡ. ಮೊದ್ಲು ಗಿಟಾರ್‌ನಿಂದ ನೇರ ಆಂಪ್‌ಗೆ ಒಂದು ಕೇಬಲ್. ಸೌಂಡ್ ಬಂತಾ? ಅದೇ ಜಾಗದಲ್ಲಿ ಎರಡನೇ ಕೇಬಲ್ ಹಾಕಿ ನೋಡಿ. ಎರಡೂ ಸರಿ ಇದ್ರೆ ಮಾತ್ರ ಮಧ್ಯದಲ್ಲಿ ಅನುಮಾನ ಇರೋ ಪೆಡಲ್ ಒಂದನ್ನೇ ಹಾಕಿ.

ಚಿಕ್ಕ ಪ್ಯಾಚ್ ಕೇಬಲ್‌ಗಳನ್ನ ಬೇರೆಯಾಗಿ ಮೀಟರ್‌ನಲ್ಲಿ ನೋಡಿ. ಪ್ಲಗ್‌ನ ಚೂಪು ತುದಿ ಟಿಪ್, ಅದರ ಹಿಂದಿನ ಉದ್ದ ಲೋಹದ ಮೈ ಸ್ಲೀವ್. ಒಂದು ತುದಿಯ ಟಿಪ್‌ನಿಂದ ಇನ್ನೊಂದು ತುದಿಯ ಟಿಪ್‌ಗೆ ಬೀಪ್ ಬರ್ಬೇಕು, ಸ್ಲೀವ್‌ನಿಂದ ಸ್ಲೀವ್‌ಗೆ ಬರ್ಬೇಕು, ಟಿಪ್‌ನಿಂದ ಸ್ಲೀವ್‌ಗೆ ಬರ್ಲೇಬಾರ್ದು. ಬೀಪ್ ಬರ್ತಿರೋವಾಗ ಕೇಬಲ್‌ನ ಪ್ಲಗ್ ಹತ್ರ ಸ್ವಲ್ಪ ಬಾಗಿಸಿ ಅಲ್ಲಾಡಿಸಿ, ಬೀಪ್ ತುಂಡು ತುಂಡಾದ್ರೆ ಆ ಕೇಬಲ್ ಪಕ್ಕಕ್ಕಿಡಿ. ಲೋಕಲ್ ಟ್ರೈನಲ್ಲಿ ಬ್ಯಾಗೊಳಗೆ ಒತ್ತಿ ಮಡಚಿ ಹೋಗೋ ಕೇಬಲ್‌ಗಳು ಕಡಿಯೋದು ಇಲ್ಲೇ.

## ಹಂತ 2: ಪವರ್, ಇಲ್ಲಿ ಸಮಯ ಕೊಡಿ

ನನ್ನ ಹತ್ರ ಬರೋ ಕೇಸ್‌ಗಳಲ್ಲಿ ಅತೀ ಹೆಚ್ಚು ಇದೇ. ಬಹುತೇಕ ಪೆಡಲ್‌ಗಳಿಗೆ ಬೇಕಾಗಿರೋದು 9 ವೋಲ್ಟ್ ಡಿಸಿ, ಸೆಂಟರ್ ನೆಗೆಟಿವ್, ಅಂದ್ರೆ ಪ್ಲಗ್‌ನ ಒಳ ತೂತು ಮೈನಸ್, ಹೊರ ಮೈ ಪ್ಲಸ್. ಮನೇಲಿ ಬಿದ್ದಿರೋ ವೈಫೈ ರೌಟರ್, ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್‌ಗಳು ಸಾಮಾನ್ಯವಾಗಿ 12 ವೋಲ್ಟ್, ಅದೂ ಸೆಂಟರ್ ಪಾಸಿಟಿವ್, ಆದ್ರೆ ಪ್ಲಗ್‌ನ ಅಳತೆ ಎಷ್ಟೋ ಸಲ ಅದೇ 5.5 ಗುಣಿಸು 2.1 ಎಂಎಂ. ಪೆಡಲ್‌ಗೆ ಸಲೀಸಾಗಿ ಒಳಗೆ ಹೋಗತ್ತೆ. ಹೋಯ್ತು ಅಂದ್ಮೇಲೆ ಸರಿ ಇರ್ಬೇಕು ಅಂದ್ಕೊಂಡು ಚುಚ್ಚೋದೇ ದೊಡ್ಡ ತಪ್ಪು.

ಪರೀಕ್ಷೆ ಹೀಗೆ. ಮೀಟರ್ ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು ಪ್ರೋಬ್ ಪ್ಲಗ್‌ನ ಹೊರ ಮೈಗೆ, ಕೆಂಪು ಪ್ರೋಬ್ ತೂತಿನ ಒಳಗೆ. ಮೈನಸ್ 9ರ ಹತ್ರ ತೋರಿಸಿದ್ರೆ ಸೆಂಟರ್ ನೆಗೆಟಿವ್, ಸರಿ ಇದೆ. ಮೈನಸ್ ಚಿಹ್ನೆ ಇಲ್ದೆ ತೋರಿಸಿದ್ರೆ ಆ ಅಡಾಪ್ಟರ್ ಈ ಪೆಡಲ್‌ಗೆ ಬೇಡ. ಪ್ರೋಬ್‌ಗಳು ಒಂದಕ್ಕೊಂದು ತಾಗದ ಹಾಗೆ ಹಿಡೀರಿ.

ವೋಲ್ಟ್ ಒಂದೇ ನೋಡಿದ್ರೆ ಸಾಲಲ್ಲ, ಮಿಲಿಆಂಪ್ ಕೂಡ ಬೇಕು. ಸಾದಾ ಓವರ್‌ಡ್ರೈವ್ (ಸೌಂಡ್ ಒಡೆದ ಹಾಗೆ ಮಾಡೋ ಪೆಡಲ್) 20 ಮಿಲಿಆಂಪ್ ಒಳಗೇ ಮುಗಿಸ್ಕೊಳ್ಳತ್ತೆ, ಪ್ರತಿಧ್ವನಿ ಕೊಡೋ ಡಿಜಿಟಲ್ ಡಿಲೇ ರಿವರ್ಬ್‌ಗಳು 100ರಿಂದ 300ರವರೆಗೂ ಕೇಳ್ತವೆ. ಅಡಾಪ್ಟರ್ ಕೊಡೋದು ಕಮ್ಮಿ ಆದ್ರೆ ಪೆಡಲ್ ಲೈಟ್ ಹತ್ತಿ ಆರಿ ಮಾಡತ್ತೆ, ತಾನೇ ರೀಸ್ಟಾರ್ಟ್ ಆಗತ್ತೆ, ನೀವು ಅದನ್ನ ಕೆಟ್ಟಿದೆ ಅಂತ ಬಿಚ್ಚಿ ಕೂತಿರ್ತೀರ. ಅಡಾಪ್ಟರ್‌ನ ಮಿಲಿಆಂಪ್ ಪೆಡಲ್ ಕೇಳೋದಕ್ಕಿಂತ ಜಾಸ್ತಿ ಇದ್ರೆ ಏನೂ ತೊಂದ್ರೆ ಇಲ್ಲ, ಬೇಕಾದಷ್ಟನ್ನೇ ಎಳ್ಕೊಳ್ಳತ್ತೆ. ವೋಲ್ಟ್ ಮಾತ್ರ ಜಾಸ್ತಿ ಆಗ್ಬಾರ್ದು.

ಬ್ಯಾಟರಿ ಹಾಕೋ ಪೆಡಲ್ ಆದ್ರೆ ಹೊಸ ಬ್ಯಾಟರಿಯಲ್ಲಿ ನೋಡೋದೇ ಬೇಗ ತೀರ್ಮಾನ ಸಿಗೋ ದಾರಿ. ಬ್ಯಾಟರಿಯಲ್ಲಿ ಚೆನ್ನಾಗಿದ್ದು ಅಡಾಪ್ಟರ್‌ನಲ್ಲಿ ಗುಂಯ್ ಅಂದ್ರೆ ಅಡಾಪ್ಟರ್‌ದೇ ತಪ್ಪು. ಒಂದೇ ಅಡಾಪ್ಟರ್‌ನಿಂದ ಡೇಸಿ ಚೈನ್ ಮಾಡಿದವರು (ಸಾಲಾಗಿ ಹಲವು ಪೆಡಲ್‌ಗೆ ಪವರ್ ಕೊಟ್ಟವರು) ಇದನ್ನೂ ನೋಡಿ, ಹಳೇ ಮಾದರಿಯ ಜರ್ಮೇನಿಯಂ ಫಝ್‌ಗಳಲ್ಲಿ (ಸೌಂಡ್ ಒರಟು ಮಾಡೋ ಪೆಡಲ್) ಕೆಲವು ಪಾಸಿಟಿವ್ ಗ್ರೌಂಡ್ ಇರ್ತವೆ, ಅಂದ್ರೆ ಮೈನಸ್ ಬದ್ಲು ಪ್ಲಸ್ಸೇ ಗ್ರೌಂಡ್‌ಗೆ ಸೇರಿರತ್ತೆ, ಅದನ್ನ ಬೇರೆ ಪೆಡಲ್‌ಗಳ ಜೊತೆ ಒಂದೇ ಚೈನ್‌ಗೆ ಹಾಕಿದ್ರೆ ಪವರ್ ಶಾರ್ಟ್ ಆಗಿ ಇಡೀ ಸಾಲೇ ಸತ್ತ ಹಾಗೆ ಕಾಣತ್ತೆ.

ಅಡಾಪ್ಟರ್ ಕೆಟ್ಟಿದೆ ಅಂತ ಗೊತ್ತಾದ್ರೆ ಹೊಸದು ತಗೊಳ್ಳಿ, ಬಿಚ್ಚಬೇಡಿ. ಪೆಡಲ್ ಒಳಗೆ 9 ವೋಲ್ಟ್, ಅಡಾಪ್ಟರ್ ಒಳಗೆ 230.

## ಹಂತ 3: ಬಿಚ್ಚೋ ಮುಂಚೆ ಲಕ್ಷಣ ಕೇಳಿ

ಪೆಡಲ್ ಆಫ್ ಇದ್ದಾಗ ಗಿಟಾರ್ ಸೌಂಡ್ ದಾಟ್ತಿದ್ಯಾ? ಆನ್ ಮಾಡಿದಾಗ ಎಲ್‌ಇಡಿ ಹತ್ತತ್ತಾ? ಇವೆರಡು ಪ್ರಶ್ನೆಗೆ ಉತ್ತರ ಒಂದು ಕಾಗದದ ಮೇಲೆ ಬರ್ಕೊಳ್ಳಿ, ಅರ್ಧ ಕೆಲಸ ಇಲ್ಲೇ ಆಗತ್ತೆ.

ಟ್ರೂ ಬೈಪಾಸ್ ಪೆಡಲ್‌ಗೆ (ಆಫ್ ಇದ್ದಾಗ ಸಿಗ್ನಲ್ ಸ್ವಿಚ್ ಮೂಲಕ ನೇರ ದಾಟೋದು) ಪವರ್ ಇಲ್ದಿದ್ರೂ ಆಫ್‌ನಲ್ಲಿ ಸೌಂಡ್ ದಾಟ್ಬೇಕು. ದಾಟ್ಲಿಲ್ಲ ಅಂದ್ರೆ ತೊಂದ್ರೆ ಇರೋದು ಜ್ಯಾಕ್, ಫುಟ್‌ಸ್ವಿಚ್ ಅಥವಾ ಅವುಗಳ ಮಧ್ಯದ ವೈರ್‌ನಲ್ಲಿ, ಬೋರ್ಡ್ ಕಡೆ ನೋಡೋದೇ ಬೇಡ. ಬಾಸ್ ಕಂಪನಿಯ ಚಿಕ್ಕ ಪೆಡಲ್‌ಗಳ ತರ ಬಫರ್ (ಆಫ್‌ನಲ್ಲೂ ಸಿಗ್ನಲ್ ಹಾದುಹೋಗೋ, ಪವರ್ ಬೇಕಾದ ಸರ್ಕ್ಯೂಟ್) ಇರೋದಾದ್ರೆ ಲೆಕ್ಕ ಬೇರೆ, ಪವರ್ ಇಲ್ಲ ಅಂದ್ರೆ ಆಫ್‌ನಲ್ಲೂ ಪೂರ್ತಿ ಮೌನ. ಅದು ಕೆಟ್ಟಿರೋ ಲಕ್ಷಣ ಅಲ್ಲ, ಅದರ ಸ್ವಭಾವ.

ಆಫ್‌ನಲ್ಲಿ ಸೌಂಡ್ ಇದೆ, ಆನ್ ಮಾಡಿದ್ರೆ ಲೈಟೂ ಇಲ್ಲ ಸೌಂಡೂ ಇಲ್ಲ ಅಂದ್ರೆ ಪವರ್ ಬೋರ್ಡ್ ತನಕ ಬರ್ತಿಲ್ಲ. ಲೈಟ್ ಇದೆ ಸೌಂಡ್ ಇಲ್ಲ ಅಂದ್ರೆ ಸಿಗ್ನಲ್ ದಾರಿ ಎಲ್ಲೋ ಕಡಿದಿದೆ. ಲೈಟ್ ಇಲ್ಲ, ಎಫೆಕ್ಟ್ ಮಾತ್ರ ಕೆಲಸ ಮಾಡ್ತಿದೆ ಅಂದ್ರೆ ಎಲ್‌ಇಡಿ ಅಥವಾ ಅದಕ್ಕೆ ಹೋಗೋ ವೈರ್ ಅಷ್ಟೇ, ಕಾರ್ಯಕ್ರಮ ಮುಗಿಸ್ಕೊಂಡು ಆಮೇಲೆ ನೋಡಿದ್ರೂ ನಡೆಯತ್ತೆ.

ಗುಂಯ್‌ಗುಡೋ ಸದ್ದನ್ನೂ ಕಿವಿಯಿಂದಲೇ ಬೇರ್ಪಡಿಸ್ಬೋದು. ಗಿಟಾರ್‌ನ ದಪ್ಪ ಇ ತಂತಿಯ ಮೂರನೇ ಫ್ರೆಟ್ ನುಡಿಸಿ, ಅದು ಜಿ ಸ್ವರ, ಸುಮಾರು 98 ಹರ್ಟ್ಸ್. ಗುಂಯ್ ಸದ್ದು ಹೆಚ್ಚುಕಮ್ಮಿ ಅದೇ ಶ್ರುತಿಯಲ್ಲಿ ಇದ್ರೆ ಅದು 100 ಹರ್ಟ್ಸ್, ಸಾಮಾನ್ಯವಾಗಿ ಅಡಾಪ್ಟರ್‌ನ ಫಿಲ್ಟರಿಂಗ್ ಸೋತಿರೋದು. ಅದಕ್ಕಿಂತ ಒಂದು ಆಕ್ಟೇವ್ ಕೆಳಗಿದ್ರೆ 50 ಹರ್ಟ್ಸ್, ಹೆಚ್ಚಾಗಿ ಗ್ರೌಂಡ್ ವೈರ್ ಅಥವಾ ಕೇಬಲ್‌ನ ಶೀಲ್ಡ್ ಬಿಟ್ಟಿರೋದು.

ಡಿಜಿಟಲ್ ಪೆಡಲ್ ಆಗಿದ್ರೆ ಇಲ್ಲೇ ನಿಂತು ಮ್ಯಾನುಯಲ್ ನೋಡಿ ಫ್ಯಾಕ್ಟರಿ ರೀಸೆಟ್ ಮಾಡಿ. ವಾರಂಟಿ ಇದ್ರೆ ಬಿಚ್ಚಲೇಬೇಡಿ.

## ಹಂತ 4: ಬಿಚ್ಚೋದು

ಪವರ್ ತೆಗೀರಿ, ಬ್ಯಾಟರಿ ತೆಗೀರಿ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ಒಂದು ಬಟ್ಟಲಲ್ಲಿ ಹಾಕಿ. ಮುಚ್ಚಳ ತೆಗೆದ ತಕ್ಷಣ, ಒಂದೂ ವೈರ್ ಮುಟ್ಟದೆ, ಮೂರ್ನಾಲ್ಕು ಕೋನದಿಂದ ಫೋಟೋ ತಗೊಳ್ಳಿ. ಯಾವ ಬಣ್ಣದ ವೈರ್ ಎಲ್ಲಿಗೆ ಹೋಗಿತ್ತು ಅನ್ನೋದು ಅರ್ಧ ಗಂಟೆ ಆದ್ಮೇಲೆ ಯಾರಿಗೂ ನೆನಪಿರಲ್ಲ.

ಈಗ ಬರೀ ಕಣ್ಣಲ್ಲಿ ನೋಡಿ, ಮೂಗಲ್ಲಿ ಮೂಸಿ. ಸುಟ್ಟ ವಾಸನೆ, ಉಬ್ಬಿದ ಕೆಪಾಸಿಟರ್, ಕಪ್ಪಾದ ರೆಸಿಸ್ಟರ್, ಬಿಟ್ಟೋದ ವೈರ್, ಹಸಿರು ಕಿಲುಬು. ಮುಂಬೈ, ಗೋವಾ ಕಡಲ ಗಾಳೀಲಿ ಉಪ್ಪು ಇರತ್ತೆ, ಮಳೆಗಾಲದ ತೇವವೂ ಸೇರಿ ಜ್ಯಾಕ್ ಮತ್ತೆ ಬ್ಯಾಟರಿ ಕ್ಲಿಪ್ ಮೇಲೆ ಆ ಹಸಿರು ಬೇಗ ಬರತ್ತೆ. ಆಲ್ಕೋಹಾಲ್ ಹಚ್ಚಿ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಆಲ್ಕಲೈನ್ ಬ್ಯಾಟರಿ ಸೋರಿ ಬಿಳಿ ಪುಡಿ ಕೂತಿದ್ರೆ ಮೊದ್ಲು ಹತ್ತಿಕಡ್ಡೀಲಿ ಒಂದು ಹನಿ ವಿನೆಗರ್, ಆಮೇಲೆ ಆಲ್ಕೋಹಾಲ್. ಕ್ಲಿಪ್‌ನ ವೈರೂ ಒಳಗೆ ಕಪ್ಪಾಗಿದ್ರೆ ಇಡೀ ಕ್ಲಿಪ್ಪೇ ಬದಲಾಯಿಸಿ.

## ಹಂತ 5: ಜ್ಯಾಕ್‌ಗಳು

ಹೋದ ವರ್ಷ ಒಬ್ಬ ಗೆಳೆಯ ತಂದ ಓವರ್‌ಡ್ರೈವ್ ನೆನಪಾಗತ್ತೆ. ಇನ್‌ಪುಟ್ ಜ್ಯಾಕ್‌ನ ನಟ್ ಸಡಿಲ ಆಗಿತ್ತು, ಅವನು ಪ್ರತೀ ಸಲ ಹೊರಗಿಂದ ಬೆರಳಲ್ಲೇ ತಿರುಗಿಸಿ ಬಿಗಿ ಮಾಡ್ತಿದ್ದ, ನಟ್ ಜೊತೆ ಜ್ಯಾಕೂ ಒಳಗೆ ತಿರುಗ್ತಿತ್ತು. ಮುಚ್ಚಳ ತೆಗೆದಾಗ ಟಿಪ್‌ನ ವೈರ್ ಹಗ್ಗದ ತರ ಹೊಸೆದುಕೊಂಡಿತ್ತು, ಒಳಗಿನ ಎಳೆಗಳೆಲ್ಲ ಕಡಿದು ಒಂದೇ ಒಂದು ತಾಮ್ರದ ಎಳೆ ಜ್ಯಾಕ್‌ನ ಲೋಹದ ಕಾಲಿಗೆ ಅಂಟಿಕೊಂಡಿತ್ತು, ಕಾಲಿಟ್ಟಾಗ ತಾಗೋದು, ತೆಗೆದಾಗ ಬಿಡೋದು. ಅವನು ಅದಕ್ಕೆ ಫುಟ್‌ಸ್ವಿಚ್ ಕೆಟ್ಟಿದೆ ಅಂತ ಹೊಸ ಸ್ವಿಚ್ಚನ್ನೇ ತಂದಿದ್ದ. ನಟ್ ಬಿಗಿ ಮಾಡೋವಾಗ ಯಾವಾಗ್ಲೂ ಮುಚ್ಚಳ ತೆಗೆದು, ಒಳಗೆ ಜ್ಯಾಕ್‌ನ ಒಂದು ಕೈಲಿ ಗಟ್ಟಿ ಹಿಡಿದು, ಹೊರಗೆ ಸ್ಪ್ಯಾನರ್ ತಿರುಗಿಸಿ.

ಪರೀಕ್ಷೆಗೆ ಜ್ಯಾಕ್‌ಗೆ ಕೇಬಲ್ ಹಾಕಿ, ಕೇಬಲ್‌ನ ಇನ್ನೊಂದು ತುದಿಯ ಟಿಪ್‌ಗೆ ಒಂದು ಪ್ರೋಬ್, ಜ್ಯಾಕ್‌ನಿಂದ ವೈರ್ ಹೋಗಿ ಸೇರೋ ಜಾಗಕ್ಕೆ ಇನ್ನೊಂದು. ಬೀಪ್ ಬರ್ಬೇಕು. ಬಂದು ಹೋಗಿ ಮಾಡಿದ್ರೆ ಜ್ಯಾಕ್‌ನ ಒಳ ಎಲೆಗೆ (ಪ್ಲಗ್ ಒತ್ತಿ ಹಿಡಿಯೋ ಲೋಹದ ಪಟ್ಟಿ) ಬಲ ಕಮ್ಮಿ ಆಗಿದೆ, ಬಯಲು ಜ್ಯಾಕ್ ಆದ್ರೆ ಎಲೆಯನ್ನ ಚೂರೇ ಚೂರು ಒಳಗೆ ಬಗ್ಗಿಸಿ, ಪ್ಲಾಸ್ಟಿಕ್ ಡಬ್ಬಿ ತರದ್ದಾದ್ರೆ ಕ್ಲೀನರ್ ಹಾಕಿ, ಆಗ್ಲಿಲ್ಲ ಅಂದ್ರೆ ಬದಲಾಯಿಸಿ.

ಬ್ಯಾಟರಿ ಪೆಡಲ್‌ಗಳಲ್ಲಿ ಇನ್‌ಪುಟ್ ಜ್ಯಾಕ್ ಸ್ಟೀರಿಯೋ ಇರತ್ತೆ, ಬ್ಯಾಟರಿಯ ಮೈನಸ್ ಅದರ ರಿಂಗ್‌ಗೆ (ಟಿಪ್ ಮತ್ತು ಸ್ಲೀವ್ ಮಧ್ಯದ ಮೂರನೇ ಸಂಪರ್ಕ) ಹೋಗಿರತ್ತೆ, ಸಾದಾ ಮೋನೋ ಕೇಬಲ್ ಹಾಕಿದಾಗ ಮಾತ್ರ ಆನ್ ಆಗತ್ತೆ. ಸ್ಟೀರಿಯೋ ಕೇಬಲ್ ಹಾಕಿ ಪೆಡಲ್ ಆನ್ ಆಗ್ತಿಲ್ಲ ಅಂತ ಬರೋರೂ ಇದ್ದಾರೆ. ರಾತ್ರಿ ಕೇಬಲ್ ಹಾಗೇ ಬಿಟ್ರೆ ಬ್ಯಾಟರಿ ಖಾಲಿ ಆಗೋದೂ ಇದೇ ಕಾರಣಕ್ಕೆ.

ಡಿಸಿ ಜ್ಯಾಕ್ ಬೋರ್ಡ್ ಮೇಲೇ ಕೂತಿದ್ರೆ ಅದರ ಕಾಲುಗಳ ಸುತ್ತ ಕೂದಲೆಳೆಯಷ್ಟು ತೆಳು ಉಂಗುರದ ಬಿರುಕು ಇದ್ಯಾ ಅಂತ ಫೋನಿನ ಟಾರ್ಚ್ ಹಾಕಿ ಓರೆಯಿಂದ ನೋಡಿ. ಪ್ಲಗ್ ಎಳೆದೂ ಎಳೆದೂ ಅಲ್ಲಿ ಬೆಸುಗೆ ಬಿಡತ್ತೆ.

## ಹಂತ 6: ಫುಟ್‌ಸ್ವಿಚ್

ಒಂಬತ್ತು ಕಾಲಿನ 3ಪಿಡಿಟಿ ಸ್ವಿಚ್ ಆದ್ರೆ ಮೂರು ಮೂರರಂತೆ ಮೂರು ಗುಂಪು ಅಂದ್ಕೊಳ್ಳಿ. ಪ್ರತಿ ಗುಂಪಿನ ಮಧ್ಯದ ಕಾಲು ಒಂದು ಸಲ ಒಂದು ಕಡೆಗೆ ಬೀಪ್ ಆಗ್ಬೇಕು, ಒತ್ತಿದ್ರೆ ಇನ್ನೊಂದು ಕಡೆಗೆ. ಮೂರೂ ಗುಂಪು, ಹತ್ತು ಹತ್ತು ಸಲ ಒತ್ತಿ ನೋಡಿ, ಯಾಕಂದ್ರೆ ಸವೆದ ಸ್ವಿಚ್ ಎಂಟು ಸಲ ಸರಿ ಇದ್ದು ಒಂಬತ್ತನೇ ಸಲ ಕೈ ಕೊಡತ್ತೆ. ಪವರ್ ಇಲ್ದೆ ಮಾಡಿ. ಬಾಸ್ ತರದ ಪೆಡಲ್‌ಗಳಲ್ಲಿ ಇರೋದು ಪುಟ್ಟ ಗುಂಡಿ ಸ್ವಿಚ್, ಒತ್ತಿದಾಗ ಬೀಪ್, ಬಿಟ್ಟಾಗ ಇಲ್ಲ, ಅಷ್ಟೇ.

ಬದಲಾಯಿಸೋದೇ ಆದ್ರೆ ಒಂದು ಕಾಲಿನ ಮೇಲೆ ಐರನ್ 2–3 ಸೆಕೆಂಡ್‌ಗಿಂತ ಜಾಸ್ತಿ ಇಡ್ಬೇಡಿ, ಪಕ್ಕದ ಕಾಲಿಗೆ ಹೋಗದೆ ದೂರದ್ದಕ್ಕೆ ಹೋಗಿ. ಒಂದೇ ಜಾಗ ಕಾಯಿಸಿದ್ರೆ ಒಳಗಿನ ಪ್ಲಾಸ್ಟಿಕ್ ಕರಗಿ ಹೊಸ ಸ್ವಿಚ್ಚೇ ಹಾಕೋ ಮುಂಚೆ ಹಾಳಾಗತ್ತೆ.

## ಹಂತ 7: ಕರಕರ ಅನ್ನೋ ನಾಬ್

ಪವರ್ ತೆಗೆದು, ಪಾಟ್‌ನ (ನಾಬ್ ಕೆಳಗೆ ತಿರುಗೋ ಭಾಗ) ಕಾಲುಗಳ ಹತ್ರ ಇರೋ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮ್ಮು, ಆ ತುದಿಯಿಂದ ಈ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಹದಿನೈದು ನಿಮಿಷ ಒಣಗೋಕೆ ಬಿಡಿ. ಬಾಗಿಲ ಕೀಲಿಗೆ ಹಾಕೋ ಸಾದಾ ಡಬ್ಲ್ಯೂಡಿ-40 ಬೇಡ, ಎಣ್ಣೆ ಉಳಿದು ಧೂಳು ಹಿಡಿಯತ್ತೆ. ತೊಳೆದ್ಮೇಲೂ ವಾಲ್ಯೂಮ್ ನಾಬ್ ಕರಕರ ಅಂದ್ರೆ ಪವರ್ ಕೊಟ್ಟು ಅದರ ಕಾಲುಗಳಲ್ಲಿ ಡಿಸಿ ವೋಲ್ಟ್ ನೋಡಿ. ಬಹುತೇಕ ಪೆಡಲ್‌ಗಳಲ್ಲಿ ವಾಲ್ಯೂಮ್ ಪಾಟ್ ಮೇಲೆ ಸೊನ್ನೆಯ ಹತ್ರ ಇರ್ಬೇಕು, ಅಂಥದ್ರಲ್ಲಿ ಒಂದೆರಡು ವೋಲ್ಟ್ ಇದ್ರೆ ಸಾಮಾನ್ಯವಾಗಿ ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ಸೌಂಡ್ ಮಾತ್ರ ಬಿಡೋದು) ಸೋರ್ತಿದೆ, ಪಾಟ್ ತಪ್ಪಿಲ್ಲ.

## ಹಂತ 8: ಬೋರ್ಡ್ ಮೇಲೆ ವೋಲ್ಟೇಜ್

ಇಲ್ಲಿ ತನಕ ಎಲ್ಲ ಸರಿ ಇದ್ರೆ ಮಾತ್ರ ಇಲ್ಲಿಗೆ ಬನ್ನಿ. ಪವರ್ ಕೊಡಿ, ಕಪ್ಪು ಪ್ರೋಬ್ ಜ್ಯಾಕ್‌ನ ಸ್ಲೀವ್‌ಗೆ ಕ್ಲಿಪ್ ಮಾಡಿ, ಕೆಂಪು ಒಂದೇ ಕೈಲಿ ಇರ್ಲಿ. ಪ್ರೋಬ್ ಜಾರಿ ಎರಡು ಕಾಲು ಒಟ್ಟಿಗೆ ತಾಗಿದ್ರೆ ಚೆನ್ನಾಗಿದ್ದ ಐಸಿಯನ್ನ ನೀವೇ ಸುಟ್ಟ ಹಾಗೆ.

ಮೊದ್ಲು ಡಿಸಿ ಜ್ಯಾಕ್ ಹತ್ರ 9 ಇದ್ಯಾ? ಅಡಾಪ್ಟರ್ ಬರೀ ಇದ್ದಾಗ 9 ಇದ್ದು, ಪೆಡಲ್‌ಗೆ ಹಾಕಿದ ತಕ್ಷಣ ಸೊನ್ನೆ ಕಡೆ ಬಿದ್ರೆ ಒಳಗೆ ಶಾರ್ಟ್ ಇದೆ, ಕೂಡ್ಲೇ ತೆಗೀರಿ. ಉಲ್ಟಾ ಅಡಾಪ್ಟರ್ ಚುಚ್ಚಿದ ಪೆಡಲ್‌ಗಳಲ್ಲಿ ಇದು ಸಾಮಾನ್ಯ, ಪ್ರೊಟೆಕ್ಷನ್ ಡಯೋಡ್, ಎಷ್ಟೋ ಪೆಡಲ್‌ಗಳಲ್ಲಿ 1ಎನ್4001, ತಾನು ಸುಟ್ಟು ಉಳಿದದ್ದನ್ನ ಉಳಿಸಿರತ್ತೆ. ಪವರ್ ತೆಗೆದು ಡಯೋಡ್ ಮೋಡ್‌ನಲ್ಲಿ ಎರಡೂ ಕಡೆಯಿಂದ ನೋಡಿ, ಎರಡೂ ಕಡೆ ಬೀಪ್ ಅಂದ್ರೆ ಒಂದು ಕಾಲು ಬಿಡಿಸಿ ಮತ್ತೆ ನೋಡಿ ಖಾತ್ರಿ ಮಾಡ್ಕೊಂಡು ಬದಲಾಯಿಸಿ. ಚಿಲ್ಲರೆ ಕಾಸಿನ ಸಾಮಾನು. ಗೆರೆ ಇರೋ ತುದಿ ಮೊದ್ಲು ಯಾವ ಕಡೆ ಇತ್ತೋ ಅದೇ ಕಡೆ.

ಆಮೇಲೆ ಎಂಟು ಕಾಲಿನ ಆಪ್‌ಆಂಪ್ (ಸಿಗ್ನಲ್ ಹೆಚ್ಚಿಸೋ ಐಸಿ), ಟಿಎಲ್072 ಅಥವಾ ಜೆಆರ್‌ಸಿ4558 ತರದ್ದು. ಚುಕ್ಕಿ ಇರೋ ಮೂಲೆ ಕಾಲು 1, ಅಲ್ಲಿಂದ ಗಡಿಯಾರದ ಉಲ್ಟಾ ದಿಕ್ಕಲ್ಲಿ ಎಣಿಸಿ. ಕಾಲು 8ರಲ್ಲಿ 9ಕ್ಕೆ ಹತ್ರ, ಕಾಲು 4ರಲ್ಲಿ ಸೊನ್ನೆ, 1 ಮತ್ತು 7ರಲ್ಲಿ ಅರ್ಧ, ಅಂದ್ರೆ ಸುಮಾರು 4.5. ಕಾಲು 1 ಅಥವಾ 7 ಪೂರ್ತಿ ಮೇಲೆ ಇಲ್ಲ ಪೂರ್ತಿ ಕೆಳಗೆ ಅಂಟಿಕೊಂಡಿದ್ರೆ ಐಸಿ ಅಥವಾ ಅದರ ಬಯಾಸ್ (ಐಸಿಗೆ ಆ ಅರ್ಧ ವೋಲ್ಟೇಜ್ ಕೊಡೋ ಭಾಗ) ಕೆಟ್ಟಿದೆ. ಒಂದು ಎಚ್ಚರಿಕೆ, ಕಾಲು 3 ಮತ್ತು 5ರಲ್ಲಿ ಅಗ್ಗದ ಮೀಟರ್ ಎರಡು ವೋಲ್ಟ್ ಚಿಲ್ಲರೆ ತೋರಿಸ್ಬೋದು. ಆ ಮೀಟರ್‌ನ ಒಳಗಿನ ರೆಸಿಸ್ಟನ್ಸ್ 1 ಮೆಗಾಓಮ್ ಇರತ್ತೆ, ಪೆಡಲ್‌ನ ಬಯಾಸ್ ರೆಸಿಸ್ಟರೂ ಅಷ್ಟೇ ಇದ್ರೆ ಅರ್ಧ ವೋಲ್ಟೇಜ್ ಮೀಟರ್ರೇ ತಿಂದಿರತ್ತೆ. ಅದನ್ನ ನೋಡಿ ಹೆದರಿ ಐಸಿ ಕೀಳ್ಬೇಡಿ, 1 ಮತ್ತು 7ನ್ನೇ ನಂಬಿ.

## ಹಂತ 9: ಆಡಿಯೋ ಪ್ರೋಬ್

ಹಾಳಾದ ಕೇಬಲ್ ಇದ್ಯಲ್ಲ ಹಂತ 1ರದ್ದು, ಅದರ ಒಳ್ಳೇ ತುದಿ ಉಳಿಸಿ ಇನ್ನೊಂದು ತುದಿ ಕತ್ತರಿಸಿ. ಒಳಗಿನ ವೈರ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಕಾಲು ಬೆಸೆಯಿರಿ, ಹೊರಗಿನ ಶೀಲ್ಡ್‌ಗೆ ಒಂದು ಮೊಸಳೆ ಕ್ಲಿಪ್. ಪ್ಲಗ್ ಆಂಪ್‌ಗೆ, ಕ್ಲಿಪ್ ಪೆಡಲ್‌ನ ಗ್ರೌಂಡ್‌ಗೆ, ಕೆಪಾಸಿಟರ್‌ನ ಖಾಲಿ ಕಾಲೇ ನಿಮ್ಮ ಪ್ರೋಬ್. ಆಂಪ್ ವಾಲ್ಯೂಮ್ ತೀರಾ ಕಮ್ಮಿ ಇಡಿ. ಪೆಡಲ್‌ನ ಇನ್‌ಪುಟ್‌ಗೆ ಫೋನ್‌ನಿಂದ ಸಣ್ಣ ದನೀಲಿ ಯಾವುದಾದ್ರೂ ಹಾಡು ಬಿಟ್ಟು ಪೆಡಲ್ ಆನ್ ಮಾಡಿ.

ಈಗ ಇನ್‌ಪುಟ್ ಜ್ಯಾಕ್‌ನಿಂದ ಶುರು ಮಾಡಿ, ಸ್ವಿಚ್, ಬೋರ್ಡ್‌ಗೆ ಒಳ ಬರೋ ಜಾಗ, ಮೊದಲ ಕೆಪಾಸಿಟರ್‌ನ ಆಚೆ ಈಚೆ, ಐಸಿಯ ಕಾಲು 3, ಆಮೇಲೆ ಕಾಲು 1, ಟೋನ್, ವಾಲ್ಯೂಮ್, ಔಟ್‌ಪುಟ್. ಹಾಡು ಎಲ್ಲಿ ತನಕ ಕೇಳಿಸಿ ಎಲ್ಲಿ ನಿಲ್ಲತ್ತೋ, ಆ ಎರಡು ಜಾಗದ ಮಧ್ಯೆ ಇರೋದೇ ಕೆಟ್ಟಿರೋದು. ಐಸಿಗಳ ಕಾಲಿನ ಸಂಖ್ಯೆ ಪೆಡಲ್‌ನಿಂದ ಪೆಡಲ್‌ಗೆ ಬದಲಾಗ್ಬೋದು, ಸಾಲು ಮಾತ್ರ ಇದೇ.

ಒಮ್ಮೆ ಬರೋದು ಒಮ್ಮೆ ಹೋಗೋದು ಮಾಡೋ ಪೆಡಲ್‌ಗೆ ಆ ಊದುಬತ್ತಿ ಕಡ್ಡಿ. ಪವರ್ ಆನ್ ಇಟ್ಟು ಕಡ್ಡೀಲಿ ಒಂದೊಂದೇ ಭಾಗ ಮೆಲ್ಲಗೆ ತಟ್ಟಿ, ವೈರ್‌ಗಳನ್ನ ದೂಡಿ. ಬಿದಿರಲ್ಲಿ ಕರೆಂಟ್ ಹರಿಯಲ್ಲ, ಹಾಗಾಗಿ ಶಾರ್ಟ್ ಆಗಲ್ಲ. ಯಾವುದನ್ನ ತಟ್ಟಿದಾಗ ಸೌಂಡ್ ಜಿಗಿಯತ್ತೋ ಅಲ್ಲಿ ಬೆಸುಗೆ ಬಿಟ್ಟಿದೆ.

## ಹಂತ 10: ಬೆಸುಗೆ

ಜಾಗ ಗೊತ್ತಾಗಿದೆ, ಈಗ ಐರನ್ ತಗೊಳ್ಳಿ. ಟೆಂಪರೇಚರ್ ಇಡೋ ಐರನ್ ಆದ್ರೆ 350 ಡಿಗ್ರಿ. ಮೊದ್ಲು ಕಾಲು ಮತ್ತು ಪ್ಯಾಡ್ (ಬೋರ್ಡ್ ಮೇಲಿನ ತಾಮ್ರದ ಚುಕ್ಕೆ) ಎರಡನ್ನೂ ಒಟ್ಟಿಗೆ ಕಾಯಿಸಿ, ಆಮೇಲೆ ಸೋಲ್ಡರ್ ತಾಗಿಸಿ, ಅದು ತಾನೇ ಹರಿದು ಹೊಳೀಬೇಕು. ಐರನ್ ತುದಿಗೆ ಸೋಲ್ಡರ್ ಕರಗಿಸ್ಕೊಂಡು ತಂದು ಮೆತ್ತಿದ್ರೆ ಮೇಲೆ ಉಂಡೆ ಕೂರತ್ತೆ, ಒಳಗೆ ಹಿಡಿಯಲ್ಲ. ಪೈಪ್ ಕೆಲಸದ ಆಸಿಡ್ ಫ್ಲಕ್ಸ್ ಬಳಸ್ಬೇಡಿ, ಆರು ತಿಂಗಳಲ್ಲಿ ತಾಮ್ರ ತಿಂದಿರತ್ತೆ. ಕಿಟಕಿ ತೆಗೆದಿಡಿ, 60/40ರಲ್ಲಿ ಸೀಸ ಇರತ್ತೆ, ಕೈ ತೊಳೀದೆ ಊಟಕ್ಕೆ ಕೂರ್ಬೇಡಿ.

## ಇಲ್ಲಿ ನಿಲ್ಲಿಸಿ

ಐಸಿ ಮುಟ್ಟೋಕಾಗದಷ್ಟು ಬಿಸಿ ಆಗ್ತಿದೆ. ಬದಲಾಯಿಸಿದ ಡಯೋಡ್ ಮತ್ತೆ ಸುಟ್ಟಿತು. ಬೋರ್ಡ್ ತುಂಬ ಅಕ್ಕಿ ಕಾಳಿಗಿಂತ ಚಿಕ್ಕ ಎಸ್‌ಎಂಡಿ ಭಾಗಗಳು. ಒಳಗೆ ನಿಜವಾದ ವ್ಯಾಕ್ಯೂಮ್ ಟ್ಯೂಬ್ ಇದೆ, ಅಂಥವುಗಳಲ್ಲಿ ಕೆಲವು 9 ವೋಲ್ಟನ್ನ ನೂರಾರು ವೋಲ್ಟ್‌ಗೆ ಏರಿಸ್ತವೆ, ಪವರ್ ತೆಗೆದ್ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರತ್ತೆ. ಇದರಲ್ಲಿ ಯಾವುದೇ ಕಂಡ್ರೂ ರಿಪೇರಿಯವರ ಹತ್ರ ಒಯ್ಯಿರಿ, ನೀವು ಬರ್ಕೊಂಡ ಲಕ್ಷಣದ ಕಾಗದವನ್ನೂ ಕೊಡಿ, ಅವರ ಕೆಲಸ ಬೇಗ ಆಗತ್ತೆ.

## ಮುಚ್ಚೋವಾಗ

ಬಿಚ್ಚಿಟ್ಟಾಗ ಚೆನ್ನಾಗಿ ಕೆಲಸ ಮಾಡತ್ತೆ, ಮುಚ್ಚಿದ ತಕ್ಷಣ ಸತ್ತೋಗತ್ತೆ ಅನ್ನೋದು ತುಂಬ ಜನರಿಗೆ ಆಗೋದು. ಮೂರು ಜಾಗ ನೋಡಿ. ಪಾಟ್‌ನ ಲೋಹದ ಬೆನ್ನು ಬೋರ್ಡ್‌ನ ಬೆಸುಗೆಗೆ ತಾಗ್ತಿದ್ಯಾ, ಬ್ಯಾಟರಿಯ ಮೈ ಬೋರ್ಡ್‌ಗೆ ಒರಗ್ತಿದ್ಯಾ, ಕೇಬಲ್ ಹಾಕಿದಾಗ ಜ್ಯಾಕ್‌ನ ಎಲೆ ಹೊರಕ್ಕೆ ಬಾಗಿ ಡಬ್ಬಿಯ ಗೋಡೆಗೆ ತಾಗ್ತಿದ್ಯಾ. ಮಧ್ಯೆ ದಪ್ಪ ಪ್ಲಾಸ್ಟಿಕ್ ಹಾಳೆ ಇಡಿ ಅಥವಾ ಇನ್ಸುಲೇಷನ್ ಟೇಪ್ ಹಚ್ಚಿ. ಆಮೇಲೆ ನಾಲ್ಕು ಸ್ಕ್ರೂ ಬಿಗಿ ಮಾಡಿ, ಎರಡೂ ಕೇಬಲ್ ಹಾಕಿ, ಅರ್ಧ ಗಂಟೆ ನಿಂತೇ ನುಡಿಸಿ, ಕಾಲಲ್ಲೇ ಒತ್ತಿ. ಕೈಯಲ್ಲಿ ಒತ್ತಿ ನೋಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ಎತ್ತಿಡೋವಾಗ ಬ್ಯಾಟರಿ ತೆಗೆದು, ಮುಚ್ಚೋ ಪ್ಲಾಸ್ಟಿಕ್ ಡಬ್ಬೀಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಮಳೆಗಾಲದಲ್ಲೂ ತಿಂಗಳಿಗೊಂದು ಸಲ ಹೊರಗೆ ತೆಗೆದು ಹತ್ತು ನಿಮಿಷ ನುಡಿಸಿ.